ಮೂರು ಸಾಲಿನ ಅಳತೆ: ಸಂತೋಷದ ವಿಜ್ಞಾನ ನಡೆದು ಬಂದ ದಾರಿ

ಕೋಲಾರದ ಕಡೆ ಸಾವಿರ ಅಡಿ ದಾಟಿದ ಮೇಲೆ ಬೋರ್‌ವೆಲ್ಲಿನಲ್ಲಿ ನೀರು ಚಿಮ್ಮಿತೆಂದರೆ ಆ ದಿನ ಹೊಲದಲ್ಲಿ ಹಬ್ಬ. ಪೂಜೆಯಾಗುತ್ತದೆ, ನೆಂಟರಿಗೆಲ್ಲ ಫೋನ್ ಹೋಗುತ್ತದೆ. ಆರು ತಿಂಗಳು ಕಳೆಯಲಿ, ಅದೇ ನೀರು ಹರಿಯುತ್ತಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಚಿಂತೆ ಮೋಟಾರು, ಕರೆಂಟು, ಟೊಮೆಟೊ ರೇಟಿನ ಕಡೆ ಸರಿದಿರುತ್ತದೆ. ಒಳ್ಳೆಯದಕ್ಕೆ ಮನಸ್ಸು ಹೀಗೆ ಒಗ್ಗಿಹೋಗುವುದನ್ನು ಅಳೆಯಲು ಹೊರಟವರಿಂದಲೇ ಸಂತೋಷದ ವಿಜ್ಞಾನದ ಒಂದು ಮುಖ್ಯ ಎಳೆ ಹೊರಟಿತು.

1978ರಲ್ಲಿ ಅಮೆರಿಕದ ಮನೋವಿಜ್ಞಾನಿ ಫಿಲಿಪ್ ಬ್ರಿಕ್‌ಮನ್ ಮತ್ತು ಇಬ್ಬರು ಸಹೋದ್ಯೋಗಿಗಳು 22 ಮಂದಿ ಲಾಟರಿ ಗೆದ್ದವರನ್ನು, 22 ಸಾಮಾನ್ಯರನ್ನು, ಅಪಘಾತದಲ್ಲಿ ಅಂಗಾಂಗ ಸ್ವಾಧೀನ ಕಳೆದುಕೊಂಡ 29 ಮಂದಿಯನ್ನು ಮಾತಾಡಿಸಿದರು. ಸೊನ್ನೆಯಿಂದ ಐದರ ಅಳತೆಯಲ್ಲಿ ಲಾಟರಿ ಗೆದ್ದವರ ಸಂತೋಷ 4.00, ಸಾಮಾನ್ಯರದು 3.82, ಗಾಯಾಳುಗಳದು 2.96. ‘ಲಾಟರಿ ಹೊಡೆದವನೂ ಕಾಲು ಕಳೆದುಕೊಂಡವನೂ ಕೊನೆಗೆ ಒಂದೇ’ ಎಂದು ಭಾಷಣಗಳಲ್ಲಿ ಹೇಳುವುದುಂಟು. ಈ ಅಂಕಿಗಳು ಹಾಗೆ ಹೇಳುವುದೇ ಇಲ್ಲ. ನಿಜವಾಗಿ ಯೋಚಿಸಬೇಕಾದ ಅಂಕಿ ಬೇರೆ ಇದೆ. ಬೆಳಗಿನ ತಿಂಡಿ, ಗೆಳೆಯರ ಜೊತೆ ಹರಟೆ ಇಂಥ ಸಣ್ಣ ಸುಖಗಳಲ್ಲಿ ಸಾಮಾನ್ಯರಿಗೆ 3.82, ಲಾಟರಿ ಗೆದ್ದವರಿಗೆ 3.33. ದೊಡ್ಡದು ಬಂದು ಚಿಕ್ಕದರ ರುಚಿ ಕೆಡಿಸಿತ್ತು.

ಇನ್ನೊಂದು ಎಳೆ ಮಾರ್ಟಿನ್ ಸೆಲಿಗ್‌ಮನ್ ಅವರದು. 1967ರಲ್ಲಿ ಅವರು ಸ್ಟೀವನ್ ಮೇಯರ್ ಜೊತೆ ನಾಯಿಗಳ ಮೇಲೆ ನಡೆಸಿದ ಪ್ರಯೋಗ ಕ್ರೂರವೇ. ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತ ಉಂಡ ನಾಯಿಗಳಲ್ಲಿ ಹೆಚ್ಚಿನವು, ಆಮೇಲೆ ದಾರಿ ತೆರೆದಿದ್ದರೂ ಕದಲದೆ ಬಿದ್ದುಕೊಂಡವು. ಕೆಲವು ಮಾತ್ರ ಎದ್ದು ಓಡಿದವು. ಅವು ಯಾಕೆ ಸೋಲಲಿಲ್ಲ? ಆದರೆ ಎರಡನೇ ಮಹಾಯುದ್ಧದ ನಂತರ ಮನೋವಿಜ್ಞಾನದ ಗಮನ ಹೆಚ್ಚಾಗಿ ಕಾಯಿಲೆಯ ಮೇಲಿತ್ತು. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘದ ಅಧ್ಯಕ್ಷರಾದ ಸೆಲಿಗ್‌ಮನ್, ಚೆನ್ನಾಗಿ ಬದುಕುವುದನ್ನೂ ಅಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡಬೇಕೆಂದರು. ಇದಕ್ಕೆ ಬಂದ ‘ಪಾಸಿಟಿವ್ ಸೈಕಾಲಜಿ’ ಎಂಬ ಹೆಸರನ್ನು ಮನೋವಿಜ್ಞಾನಿ ಅಬ್ರಹಾಂ ಮ್ಯಾಸ್ಲೊ 1954ರಲ್ಲೇ ಬಳಸಿದ್ದರು. ಶಾಸ್ತ್ರವಾಗಿ ನಿಂತದ್ದು ಸೆಲಿಗ್‌ಮನ್ ಕಾಲದಲ್ಲಿ.

ನಮ್ಮ ಶಾಲೆಯ ಗೋಡೆಗೂ ಬೆಳಗಿನ ವಾಟ್ಸಾಪ್ ಸಂದೇಶಕ್ಕೂ ತಲುಪುವಷ್ಟರಲ್ಲಿ ಇದು ‘ಸದಾ ಪಾಸಿಟಿವ್ ಆಗಿರಿ’ ಎಂಬ ಉಪದೇಶವಾಗಿಬಿಟ್ಟಿದೆ. ಪ್ರಯೋಗದಲ್ಲಿ ಇದ್ದದ್ದು ಉಪದೇಶವಲ್ಲ, ಅಳತೆ. ಅದು ದಾರಿಯಲ್ಲೆಲ್ಲೋ ಉದುರಿಹೋಗಿದೆ.

2005ರಲ್ಲಿ ಸೆಲಿಗ್‌ಮನ್ ತಂಡ ಪ್ರಕಟಿಸಿದ, 411 ಮಂದಿ ಕೊನೆಯವರೆಗೆ ಉಳಿದ ಪ್ರಯೋಗವನ್ನೇ ನೋಡಿ. ಒಂದು ವಾರ ಪ್ರತಿ ರಾತ್ರಿ, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ ಬರೆಯಬೇಕು. ಪ್ರತಿಯೊಂದರ ಮುಂದೆ ಅದು ಯಾಕೆ ನಡೆಯಿತು ಎಂಬುದನ್ನೂ ಬರೆಯಬೇಕು. ಇದರ ಪರಿಣಾಮ ಆರು ತಿಂಗಳವರೆಗೂ ಕಂಡಿತು, ಆದರೆ ವಾರ ಮುಗಿದ ಮೇಲೂ ತಾವಾಗಿಯೇ ಬರೆಯುತ್ತಿದ್ದವರಲ್ಲೇ ಹೆಚ್ಚು. ಅದೇ ಪ್ರಯೋಗದ ಇನ್ನೊಂದು ಗುಂಪಿನಲ್ಲಿ, ಉಪಕಾರ ಮಾಡಿದವರಿಗೆ ಕೃತಜ್ಞತೆಯ ಪತ್ರ ಬರೆದು ಕೈಯಾರೆ ಕೊಟ್ಟವರಿಗೆ ಸಂತೋಷ ಜೋರಾಗಿ ಏರಿತು, ಮೂರು ತಿಂಗಳಿಗೆ ಇಳಿದುಹೋಯಿತು.

ಈ ಮೂರು ಸಾಲಿನ ಅಭ್ಯಾಸ ಕೆಡುವುದು ಹೆಚ್ಚಾಗಿ ‘ಯಾಕೆ’ ಎಂಬುದನ್ನು ಬಿಟ್ಟಾಗ. ‘ಆರೋಗ್ಯ, ಮನೆ, ಮಕ್ಕಳು’ ಎಂದು ದಿನವೂ ಅದನ್ನೇ ಬರೆದರೆ ಬೋರ್‌ವೆಲ್ ನೀರಿನ ಕಥೆಯೇ. ಪಟ್ಟಿಗೂ ಮನಸ್ಸು ಒಗ್ಗುತ್ತದೆ. ‘ಅವರೆಕಾಯಿ ಹಿದುಕುವಾಗ ಪಕ್ಕದ ಮನೆಯವರೂ ಬಂದು ಕೂತರು, ನಾನು ಕರೆದೆ, ಅದಕ್ಕೆ’ ಎಂದು ಬರೆದರೆ ನಾಳೆ ಮತ್ತೆ ಮಾಡಬಹುದಾದ ಕೆಲಸವೊಂದು ಕೈಗೆ ಸಿಕ್ಕಿತು. ದಿನವೂ ಬೇಸರವೆನಿಸಿದರೆ ವಾರಕ್ಕೊಮ್ಮೆ ಸಾಕು. ಮನೋವಿಜ್ಞಾನಿ ಸೋನ್ಯಾ ಲ್ಯುಬೊಮಿರ್ಸ್ಕಿಯವರ ಆರು ವಾರಗಳ ಪ್ರಯೋಗದಲ್ಲಿ ವಾರಕ್ಕೊಮ್ಮೆ ಕೃತಜ್ಞತೆಯ ಪಟ್ಟಿ ಬರೆದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಪರರಿಗೆ ಮಾಡುವ ಉಪಕಾರದ್ದೂ ಹಾಗೇ: ಐದು ಉಪಕಾರಗಳನ್ನು ವಾರವಿಡೀ ಹಂಚಿದವರಿಗಿಂತ ಒಂದೇ ದಿನ ಮಾಡಿದವರಿಗೆ ಹಿತ ಹೆಚ್ಚು. ಹಂಚಿದರೆ ಅದು ದಿನದ ಮಾಮೂಲಿನಲ್ಲಿ ಕಳೆದುಹೋಗುತ್ತದೆ ಎಂದು ಕಾಣುತ್ತದೆ. ಆದರೆ ಮುಯ್ಯಾಳಿನ ಹಾಗೆ ಲೆಕ್ಕ ಇಟ್ಟು ಮಾಡಿದ್ದನ್ನು ಇದಕ್ಕೆ ಸೇರಿಸಬಾರದು.

ಈ ಶಾಸ್ತ್ರ ಎಡವಿದ್ದೂ ಉಂಟು. ಒಳ್ಳೆಯ ಭಾವನೆ ಕೆಟ್ಟದ್ದಕ್ಕಿಂತ 2.9013 ಪಟ್ಟು ಇದ್ದರೆ ಬದುಕು ಅರಳುತ್ತದೆಂದು 2005ರಲ್ಲಿ ಬಾರ್ಬರಾ ಫ್ರೆಡ್ರಿಕ್‌ಸನ್, ಮಾರ್ಷಲ್ ಲೊಸಾಡಾ ಸೂತ್ರ ಕೊಟ್ಟರು. ಐವತ್ತು ದಾಟಿ ಮನೋವಿಜ್ಞಾನ ಓದಲು ಸೇರಿದ್ದ ನಿಕ್ ಬ್ರೌನ್ ಆ ಗಣಿತವನ್ನು ನಂಬಲಿಲ್ಲ. ಇಬ್ಬರು ಸಂಗಡಿಗರ ಜೊತೆ 2013ರಲ್ಲಿ ಅದಕ್ಕೆ ಬುಡವೇ ಇಲ್ಲವೆಂದು ತೋರಿಸಿದರು. ಗಣಿತದ ಭಾಗವನ್ನು ಹಿಂತೆಗೆದುಕೊಳ್ಳಬೇಕಾಯಿತು. ಈಗಲೂ ‘ಮೂರಕ್ಕೆ ಒಂದು’ ಎಂದು ಕಲಿಸುವ ತರಬೇತುದಾರರು ಸಿಕ್ಕಿದರೆ ನಂಬಬೇಡಿ.

ಎಲ್ಲದಕ್ಕೂ ಮನಸ್ಸು ಒಗ್ಗುವುದೂ ಇಲ್ಲ. ಜರ್ಮನಿಯ ಸುಮಾರು 24,000 ಮಂದಿಯನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 2004ರಲ್ಲಿ ತೋರಿಸಿದ್ದು: ಕೆಲಸ ಕಳೆದುಕೊಂಡವರು ಮತ್ತೆ ಕೆಲಸ ಸಿಕ್ಕರೂ ಸರಾಸರಿಯಲ್ಲಿ ಮೊದಲಿನ ನೆಮ್ಮದಿಗೆ ಪೂರ್ತಿ ಮರಳಲಿಲ್ಲ. ಟೊಮೆಟೊ ರಸ್ತೆಗೆ ಸುರಿದು ಬಂದ ರೈತನ ಕೈಗೆ ಕೃತಜ್ಞತೆಯ ಪುಸ್ತಕ ಕೊಡುವುದು ಅನ್ಯಾಯ. ಅವನಿಗೆ ಬೇಕಿರುವುದು ಬೆಲೆ. ಎರಡು ವಾರದಿಂದ ಮನಸ್ಸು ಕುಗ್ಗಿದೆ, ನಿದ್ದೆ, ಊಟ ಕೆಟ್ಟಿದೆ ಎಂದಾದರೆ ಅದು ಮೂರು ಸಾಲಿನ ಕೆಲಸವಲ್ಲ, ವೈದ್ಯರದು. 2022ರಲ್ಲಿ ಆರಂಭವಾದ ಸರ್ಕಾರಿ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತುಮಕೂರಿನಿಂದ ದಿನವೂ ಬೆಂಗಳೂರಿಗೆ ಹೋಗಿಬರುವವರಿಗೆ ಇನ್ನೊಂದು ಮಾತು. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ತಂಡ 2004ರಲ್ಲಿ ಟೆಕ್ಸಾಸ್‌ನ 909 ಉದ್ಯೋಗಸ್ಥ ಮಹಿಳೆಯರ ದಿನಚರಿಯನ್ನು ಒಂದೊಂದೇ ಪ್ರಸಂಗವಾಗಿ ಕೇಳಿ ತಿಳಿದಾಗ, ಅತಿ ಕಡಿಮೆ ಖುಷಿಯ ಹೊತ್ತು ಬೆಳಗಿನ ಪ್ರಯಾಣವೇ ಆಗಿತ್ತು. ಹತ್ತು ವರ್ಷದ ನಂತರ ಬೇರೆ ಸಂಶೋಧಕರು ಷಿಕಾಗೊ ಕಡೆಯ ರೈಲು ಪ್ರಯಾಣಿಕರಲ್ಲಿ ಕೆಲವರಿಗೆ ಪಕ್ಕದ ಅಪರಿಚಿತರನ್ನು ಮಾತಾಡಿಸಲು, ಕೆಲವರಿಗೆ ಸುಮ್ಮನಿರಲು ಹೇಳಿದರು. ಸುಮ್ಮನಿರುವುದೇ ಸುಖವೆಂದು ಪ್ರಯಾಣಿಕರು ಊಹಿಸಿದ್ದರು; ಖುಷಿಯಾಗಿ ಇಳಿದವರು ಮಾತಾಡಿದವರು. ನಮ್ಮಲ್ಲೀಗ ಕ್ಯಾತ್ಸಂದ್ರ ದಾಟುವ ಮುನ್ನವೇ ಇಯರ್‌ಫೋನ್ ಕಿವಿಗೇರುತ್ತದೆ. ವಾರಕ್ಕೊಂದು ದಿನ ಅದನ್ನು ಚೀಲದಲ್ಲಿಟ್ಟು, ಪಕ್ಕದವರನ್ನು ‘ಎಲ್ಲಿ ಇಳೀತೀರಾ?’ ಎಂದು ಕೇಳಿ ನೋಡಿ.