ಹುಟ್ಟುಗುಣವೋ, ಸಹವಾಸವೋ?

ಊರಲ್ಲಿ ಯಾರಾದರೂ ದೊಡ್ಡ ತಪ್ಪು ಮಾಡಿದರೆ ದುರ್ಗ, ದಾವಣಗೆರೆ ಕಡೆ ಎರಡು ಮಾತು ಬೇಗ ಬರುತ್ತವೆ. ಒಂದು, 'ಹುಟ್ಟುಗುಣ ಸುಟ್ಟರೂ ಹೋಗಲ್ಲ'. ಇನ್ನೊಂದು, 'ಸಹವಾಸದಿಂದ ಸನ್ಯಾಸಿ ಕೆಟ್ಟ'. ಒಂದು ಮಾತು ಹುಟ್ಟನ್ನು ದೂರುತ್ತದೆ, ಇನ್ನೊಂದು ಜೊತೆಗಿದ್ದವರನ್ನು. ಮನುಷ್ಯ ಹುಟ್ಟಿನಿಂದಲೇ ಒಳ್ಳೆಯವನೋ ಕೆಟ್ಟವನೋ ಎಂಬ ಈ ವಾದಕ್ಕೆ ಎರಡು ಸಾವಿರ ವರ್ಷ ದಾಟಿದೆ.

ಚೀನಾದ ಚಿಂತಕ ಮೆನ್ಸಿಯಸ್ ಕ್ರಿ.ಪೂ. 4ನೇ ಶತಮಾನದಲ್ಲೇ ಇದನ್ನು ಎತ್ತಿದ. ಮಗುವೊಂದು ಬಾವಿಗೆ ಬೀಳುವ ಹಾಗಿದೆ ಎಂದುಕೊಳ್ಳಿ. ನೋಡಿದ ಯಾರಿಗಾದರೂ ಎದೆ ಝಲ್ ಎನ್ನುತ್ತದೆ. ಮಗುವಿನ ಅಪ್ಪ ಅಮ್ಮನ ಸ್ನೇಹ ಸಿಗಲಿ ಎಂದಲ್ಲ, ಊರವರು ಹೊಗಳಲಿ ಎಂದೂ ಅಲ್ಲ. ಒಳ್ಳೆಯತನದ ಮೊಳಕೆ ಒಳಗೇ ಇದೆ ಎಂದ ಅವನು. ಮುಂದಿನ ಶತಮಾನದ ಚೀನೀ ಚಿಂತಕ ಶುನ್‌ಝಿ ಇದನ್ನು ಒಪ್ಪಲಿಲ್ಲ. ಸ್ವಭಾವ ಕೆಟ್ಟದ್ದೇ, ಕಲಿತು ದುಡಿದರೆ ಮಾತ್ರ ಒಳ್ಳೆಯವರಾಗುತ್ತೇವೆ ಎಂದು ಹಟ ಹಿಡಿದ.

ಅದೇ ಕ್ರಿ.ಪೂ. 3ನೇ ಶತಮಾನದಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬಂಡೆಗಳ ಮೇಲೂ ಇಂಥದೇ ಮಾತು ಕೆತ್ತಿದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಶಾಸನ ಸಂಶೋಧಕ ಬಿ.ಎಲ್. ರೈಸ್ ಅವುಗಳನ್ನು ಬೆಳಕಿಗೆ ತಂದರು. ಮೊಳಕಾಲ್ಮೂರು ಅಂದರೆ ರೇಷ್ಮೆ ಸೀರೆ ಎಂದಷ್ಟೇ ನೆನೆಯುವ ನಾವು ಈ ಬಂಡೆಗಳನ್ನೂ ಒಮ್ಮೆ ನೋಡಿ ಬರಬೇಕು. ಎರಡೂವರೆ ವರ್ಷಕ್ಕೂ ಜಾಸ್ತಿ ಬುದ್ಧನ ಉಪಾಸಕನಾಗಿದ್ದೆ, ಆದರೆ ಒಂದು ವರ್ಷ ಸರಿಯಾಗಿ ಪ್ರಯತ್ನ ಪಡಲಿಲ್ಲ ಎಂದು ಅಶೋಕ ಅಲ್ಲಿ ಒಪ್ಪಿಕೊಂಡಿದ್ದಾನೆ. ಆಮೇಲೆ ಹೇಳುತ್ತಾನೆ: ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ ಎಂದೂ ಇದೆ.

ಹೇಳಿದವನು ಯಾರು ಅನ್ನುವುದು ಇಲ್ಲಿ ಮುಖ್ಯ. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ತರು, 1.5 ಲಕ್ಷ ಜನರನ್ನು ಹಿಡಿದು ಸಾಗಿಸಲಾಯಿತು ಎಂದು ತನ್ನ ಇನ್ನೊಂದು ಶಾಸನದಲ್ಲಿ ಬರೆಸಿದವನೂ ಇವನೇ. ಅಷ್ಟು ಹಿಂಸೆಯೂ ಆಮೇಲಿನ ಪಶ್ಚಾತ್ತಾಪವೂ ಒಬ್ಬನವೇ. ಇಂಥವನನ್ನು ಒಳ್ಳೆಯವನು, ಕೆಟ್ಟವನು ಎಂಬ ಎರಡೇ ಗುಂಪಿನಲ್ಲಿ ಎಲ್ಲಿ ಸೇರಿಸುತ್ತೀರಿ? ಈ ಪ್ರಶ್ನೆಯನ್ನು ಹುಟ್ಟಿಗೆ ಕಟ್ಟಿಹಾಕುವುದೇ ತಪ್ಪು ಅಂತ ನನಗೆ ಅನ್ನಿಸುವುದು ಇದಕ್ಕೇ.

ಯುರೋಪಿನಲ್ಲೂ ಎರಡು ಪಕ್ಷ ಇದ್ದವು. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದ ಚಿಂತಕ ಥಾಮಸ್ ಹಾಬ್ಸ್, ಅಂಕೆಯಿಡುವ ಆಳ್ವಿಕೆ ಇಲ್ಲದಿದ್ದರೆ ಎಲ್ಲರೂ ಎಲ್ಲರ ಮೇಲೆ ಬೀಳುತ್ತಾರೆ ಎಂದು 1651ರಲ್ಲಿ ಬರೆದ. 1755ರಲ್ಲಿ ಇನ್ನೊಬ್ಬ ಚಿಂತಕ ರೂಸೋ ತಿರುಗಿಸಿ ಹೇಳಿದ: ಮನುಷ್ಯನಲ್ಲಿ ಸಹಜ ಕರುಣೆ ಇದೆ, ಕೆಡಿಸಿದ್ದು ಸಮಾಜ.

ಕಳೆದ ಶತಮಾನದಿಂದ ಈಚೆಗೆ ವಾದ ಪ್ರಯೋಗಾಲಯಕ್ಕೆ ಬಂತು. ಗೊಂಬೆಯಾಟ ತೋರಿಸಿದರೆ ಎಳೆ ಕೂಸುಗಳು ಅಡ್ಡಿ ಮಾಡುವ ಗೊಂಬೆ ಬಿಟ್ಟು ಸಹಾಯ ಮಾಡುವ ಗೊಂಬೆಯನ್ನೇ ಆರಿಸುತ್ತವೆ ಎಂದು 2007ರಲ್ಲಿ ಅಮೆರಿಕದ ಒಂದು ಅಧ್ಯಯನ ಹೇಳಿತು. ಹಲವು ದೇಶಗಳ ಪ್ರಯೋಗಾಲಯಗಳು ಸೇರಿ ಮತ್ತೆ ನೋಡಿದಾಗ ಆ ಒಲವು ಕಾಣಲಿಲ್ಲ. ಹಾಗಾಗಿ ಕೂಸುಗಳಿಂದ ತೀರ್ಪು ಹೇಳಿಸುವ ಅವಸರ ಬೇಡ.

ಹೆಚ್ಚು ಯೋಚಿಸಬೇಕಾದ್ದು 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಶುರು ಮಾಡಿದ ಪ್ರಯೋಗ. ಪಕ್ಕದ ಕೋಣೆಯಲ್ಲಿದ್ದವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಅವನಿಗೆ ಕರೆಂಟ್ ಶಾಕ್ ಕೊಡಬೇಕು. ಶಾಕ್ ನಿಜವಲ್ಲ, ಕೊಡುವವರಿಗೆ ಅದು ಗೊತ್ತಿಲ್ಲ. ಕೋಟು ತೊಟ್ಟವನೊಬ್ಬ 'ಮುಂದುವರಿಸಿ' ಎನ್ನುತ್ತಿದ್ದ. 40 ಜನರಲ್ಲಿ 26 ಮಂದಿ ಶಾಕ್ ಯಂತ್ರದ ಕೊನೆಯ ಹಂತವಾದ 450 ವೋಲ್ಟ್‌ವರೆಗೂ ಹೋದರು. ಇವರೆಲ್ಲ ಕೆಲಸ, ಸಂಸಾರ ಇದ್ದ ಸಾಮಾನ್ಯ ಜನ. ಹಲವರು ಬೆವರಿದರು, ನಡುಗಿದರು, ಆದರೂ ಗುಂಡಿ ಒತ್ತಿದರು. ಈ ಅರ್ಧ ಕತೆ ಎಲ್ಲರಿಗೂ ಗೊತ್ತು, ಮನುಷ್ಯ ಕೆಟ್ಟವನು ಅನ್ನೋಕೆ ಇದನ್ನೇ ತೋರಿಸುತ್ತಾರೆ. ಇನ್ನರ್ಧವನ್ನೂ ಅಷ್ಟೇ ಜೋರಾಗಿ ಹೇಳಬೇಕು, ಅಲ್ವಾ? ಇನ್ನೊಂದು ಸುತ್ತಿನಲ್ಲಿ ಅದೇ ಯಂತ್ರದ ಮುಂದೆ ಜೊತೆಗೆ ಇನ್ನಿಬ್ಬರನ್ನು ಕೂರಿಸಿದರು. ಅವರು ಮಿಲ್‌ಗ್ರಾಮ್ ಕಡೆಯವರೇ. ನಡುವೆ ಒಬ್ಬರಾದ ಮೇಲೆ ಒಬ್ಬರು ಕೈಬಿಟ್ಟು 'ಇದನ್ನು ನಾವು ಮಾಡಲ್ಲ' ಎಂದರು. ಆಗ ಕೊನೆಯವರೆಗೆ ಹೋದವರು 40ರಲ್ಲಿ 4 ಜನ.