ಸಕ್ಕರೆ ಪುಸ್ತಕದ ಕೊನೆಯ ಕಾಲಂ

ಮಾನ್ವಿ ಕಡೆಯ ರೈತರೊಬ್ಬರು ರಾಯಚೂರಿಗೆ ಬಂದು ನನ್ನ ಹತ್ತಿರ ಸಕ್ಕರೆ ಕಾಯಿಲೆಗೆ ತೋರಿಸಿಕೊಳ್ಳುತ್ತಾರೆ. ವಯಸ್ಸು ಅರವತ್ತರ ಹತ್ತಿರ. ಮಗ ಗ್ಲುಕೋಮೀಟರ್ ತಂದುಕೊಟ್ಟಿದ್ದಾನೆ. ಬೆಳಿಗ್ಗೆ ಬೆರಳು ಚುಚ್ಚಿ ನೋಡುತ್ತಾರೆ, ಸೊಸೆ ಬರೆದಿಡುತ್ತಾಳೆ. ಮೊಮ್ಮಗಳ ಹಳೆಯ ಗಣಿತದ ನೋಟ್‌ಬುಕ್ ಅದು. ಮೊದಲರ್ಧ ಮಗ್ಗಿ, ಉಳಿದರ್ಧ ಅಜ್ಜನ ಸಕ್ಕರೆ. ತಾರೀಖು, ಅಂಕಿ, ಕೊನೆಯ ಕಾಲಂನಲ್ಲಿ ಒಂದು ಸಾಲು.

ಹೋದ ವರ್ಷ ಅದರಲ್ಲಿ ನನಗೆ ಅರ್ಥವಾಗದ ಲೆಕ್ಕವೊಂದು ಕಂಡಿತು. 138, 142, 131, ಆಮೇಲೆ ಒಮ್ಮೆಲೇ 64. ಮತ್ತೆ ಒಂದು ವಾರ ಸರಿ ಇದೆ. ಆಮೇಲೆ 58. ಅಂದರೆ ಕೈ ನಡುಗಿ, ಮೈ ಬೆವೆತು, ಕಣ್ಣು ಕತ್ತಲೆ ಬರುವಷ್ಟು ಕಡಿಮೆ. ರಾತ್ರಿಯ ಇನ್ಸುಲಿನ್ ಜಾಸ್ತಿ ಆಗಿರಬೇಕು, ಇಳಿಸೋಣ ಅಂತ ಪೆನ್ನು ತೆಗೆದೆ. ಆಗ 64ರ ಪಕ್ಕದ ಸಾಲು ಕಣ್ಣಿಗೆ ಬಿತ್ತು: ‘ಮಾವ ರಾತ್ರಿ ನೀರು ಕಟ್ಟಲು ಹೋಗಿದ್ದರು.’ 58ರ ಪಕ್ಕದಲ್ಲೂ ಅದೇ.

‘ಯಜಮಾನ್ರ, ರಾತ್ರಿ ಯಾಕ್ರಿ ನೀರು ಕಟ್ಟೋದು?’

‘ಕರೆಂಟ್ ರಾತ್ರಿ ಕೊಡ್ತಾರಲ್ರಿ ಸಾಹೇಬ್ರ. ನಮ್ಮ ಪಾಳಿ ಬಂದಾಗ ಹನ್ನೊಂದಕ್ಕ ಹೋದ್ರ ನಸುಕಿನ್ಯಾಗ ಮನಿಗೆ ಬರ್ತೀನ್ರಿ.’

ಏಳೂವರೆಗೆ ಇನ್ಸುಲಿನ್, ಊಟ. ಆಮೇಲೆ ಐದಾರು ತಾಸು ಕೆಸರಿನಲ್ಲಿ ಓಡಾಟ. ಸಕ್ಕರೆ ಇಳಿಯದೆ ಇನ್ನೇನಾಗುತ್ತದೆ? ನಾನು ಎಲ್ಲ ದಿನದ ಡೋಸ್ ಇಳಿಸಿಬಿಟ್ಟಿದ್ದರೆ ಉಳಿದ ದಿನಗಳಲ್ಲಿ ಸಕ್ಕರೆ ಏರುತ್ತಿತ್ತು. ಅದರ ಬದಲು ನೀರು ಕಟ್ಟುವ ರಾತ್ರಿಗೆ ಮಾತ್ರ ಬೇರೆ ಡೋಸ್ ಬರೆದುಕೊಟ್ಟೆ. ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಎರಡು ಜೋಳದ ರೊಟ್ಟಿ, ಜೇಬಿನಲ್ಲಿ ಗ್ಲುಕೋಸ್ ಪುಡಿ ಇರಲಿ ಅಂದೆ.

ಆ ಸಾಲು ಯಾವ ಲ್ಯಾಬ್ ರಿಪೋರ್ಟಿನಲ್ಲೂ ಬರುತ್ತಿರಲಿಲ್ಲ. ಮನೆಯವರು ಬರೆದಿಟ್ಟಿದ್ದಕ್ಕೆ ಸಿಕ್ಕಿತು. ತನ್ನ ಮೈಯ ಲೆಕ್ಕ ತಾನೇ ಇಡುವುದು ಅಂದರೆ ಈಗ ಎಲ್ಲರಿಗೂ ಸ್ಮಾರ್ಟ್‌ವಾಚ್ ನೆನಪಾಗುತ್ತದೆ. ಆದರೆ ಈ ಅಭ್ಯಾಸಕ್ಕೆ ನಾನೂರು ವರ್ಷದ ಚರಿತ್ರೆ ಇದೆ.

ಇಟಲಿಯ ಪಡುವಾದಲ್ಲಿ ಸಾಂಟೋರಿಯೋ ಅನ್ನುವ ವೈದ್ಯ ಇದ್ದ. ಒಂದು ದೊಡ್ಡ ತಕ್ಕಡಿಗೆ ಕುರ್ಚಿ ತೂಗುಹಾಕಿ, ಅದರಲ್ಲಿ ಕೂತೇ ಉಣ್ಣುತ್ತಿದ್ದ. ಸುಮಾರು ಮೂವತ್ತು ವರ್ಷ ತನ್ನ ತೂಕ, ತಿಂದದ್ದು, ಕುಡಿದದ್ದು, ಮಲ ಮೂತ್ರ ಎಲ್ಲವನ್ನೂ ತೂಗಿ ಬರೆದ. 1614ರಲ್ಲಿ ಅದನ್ನು ಪುಸ್ತಕ ಮಾಡಿದ. ಎಂಟು ಪೌಂಡ್ ತಿಂದು ಕುಡಿದರೆ ಅದರಲ್ಲಿ ಸುಮಾರು ಐದು ಪೌಂಡ್ ಕಣ್ಣಿಗೆ ಕಾಣದಂತೆ ಚರ್ಮದಿಂದ, ಉಸಿರಿನಿಂದ ಹೋಗಿಬಿಡುತ್ತದೆ ಅನ್ನುವುದು ಅವನ ಲೆಕ್ಕ.

ರಾಯಚೂರಿನ ಮೇ ತಿಂಗಳಲ್ಲಿ ಕೂತು ಇದನ್ನು ಓದಿದರೆ ಹಳೆಯ ಕಥೆ ಅನ್ನಿಸುವುದಿಲ್ಲ. ಬಿಸಿಲು 42, 43 ಡಿಗ್ರಿ ಮುಟ್ಟಿದಾಗ, ಹೃದಯದ ತೊಂದರೆಗೆ ನೀರಿನ ಗುಳಿಗೆ ನುಂಗುವವರು ತಲೆಸುತ್ತು ಅಂತ ಬರುತ್ತಾರೆ. ಬೆವರಿನಲ್ಲೂ ನೀರು ಹೋಗಿದೆ, ಗುಳಿಗೆಯಿಂದಲೂ ಹೋಗಿದೆ. ಅಂಥವರಿಗೆ ನಾನು ಹೇಳುವುದು ಒಂದೇ ಕೆಲಸ. ಬೆಳಿಗ್ಗೆ ಎದ್ದು, ಒಂದಕ್ಕೆ ಹೋಗಿ ಬಂದು, ಏನೂ ತಿನ್ನುವ ಮೊದಲು ತೂಕ ನೋಡಿ ಬರೆಯಿರಿ. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿದೆ, ತಡಮಾಡದೆ ಬನ್ನಿ. ಅಷ್ಟೇ ಇಳಿದು ತಲೆ ಸುತ್ತಿದರೂ ಬನ್ನಿ. ಸಾಂಟೋರಿಯೋನ ತಕ್ಕಡಿ ಇವತ್ತಿಗೂ ಕೆಲಸ ಮಾಡುತ್ತಿದೆ, ಅಲ್ವಾ?

ಸಕ್ಕರೆಯ ಲೆಕ್ಕ ಮನೆಗೆ ಬರಲು ಮಾತ್ರ ಬಹಳ ಕಾಲ ಹಿಡಿಯಿತು. ಮೀಟರ್ ಬರುವ ಮುಂಚೆ ಮೂತ್ರವನ್ನೇ ನೋಡಬೇಕಿತ್ತು. ಗಾಜಿನ ಟ್ಯೂಬಿನಲ್ಲಿ 5 ಎಂಎಲ್ ಬೆನೆಡಿಕ್ಟ್ ದ್ರಾವಣ, ಅದಕ್ಕೆ ಎಂಟು ಹನಿ ಮೂತ್ರ, ಸ್ಪಿರಿಟ್ ದೀಪದ ಮೇಲೆ ಕುದಿಸುವುದು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ ಅಂತ ಏರುತ್ತಾ ಕೊನೆಗೆ ಇಟ್ಟಿಗೆ ಕೆಂಪು. ತೊಂದರೆ ಏನೆಂದರೆ, ರಕ್ತದ ಸಕ್ಕರೆ ಸುಮಾರು 180 ದಾಟಿದ ಮೇಲೇ ಅದು ಮೂತ್ರಕ್ಕೆ ಇಳಿಯುವುದು. ಸಕ್ಕರೆ 64 ಇದ್ದರೂ ಬಣ್ಣ ನೀಲಿಯೇ, 140 ಇದ್ದರೂ ನೀಲಿಯೇ.

ಇಲ್ಲಿ ಒಬ್ಬರ ಕಥೆ ಹೇಳಲೇಬೇಕು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೈನ್. ಹನ್ನೆರಡನೇ ವಯಸ್ಸಿಗೆ, 1946ರಲ್ಲಿ, ಅವರಿಗೆ ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುವ ಸಕ್ಕರೆ ಕಾಯಿಲೆ ಬಂತು. ಓದಿ ಎಂಜಿನಿಯರ್ ಆದರು. ಮೂವತ್ತು ದಾಟುವ ಹೊತ್ತಿಗೆ ಕಾಯಿಲೆ ದೇಹದ ಬೇರೆ ಬೇರೆ ಭಾಗಗಳನ್ನು ಹಿಡಿದಿತ್ತು. 1969ರಲ್ಲಿ ಒಂದು ಜಾಹೀರಾತು ಕಂಡಿತು. ಒಂದು ಹನಿ ರಕ್ತದಲ್ಲಿ ಸಕ್ಕರೆ ಅಳೆಯುವ ಯಂತ್ರ, ತೂಕ ಮೂರು ಪೌಂಡ್, ಬೆಲೆ ಸುಮಾರು 650 ಡಾಲರ್. ಪ್ರಜ್ಞೆ ತಪ್ಪಿ ಬಂದವರು ಕುಡಿದಿದ್ದಾರೋ ಸಕ್ಕರೆಯಿಂದ ಬಿದ್ದಿದ್ದಾರೋ ಅಂತ ರಾತ್ರಿ ಹೊತ್ತು ಆಸ್ಪತ್ರೆಯವರು ತಿಳಿಯಲು ಮಾಡಿದ್ದು. ರೋಗಿಗಳಿಗೆ ಅದನ್ನು ಮಾರುತ್ತಿರಲಿಲ್ಲ. ಅವರ ಹೆಂಡತಿ ಡಾಕ್ಟರ್ ಆಗಿದ್ದರು. ಹೆಂಡತಿಯ ಹೆಸರಿನಲ್ಲಿ ತರಿಸಿಕೊಂಡರು.

ದಿನಕ್ಕೆ ಹಲವು ಸಲ ಅಳೆದು ಬರೆದರು. ಒಂದೇ ದಿನದಲ್ಲಿ ಸಕ್ಕರೆ ಪಾತಾಳಕ್ಕೂ ಇಳಿಯುತ್ತಿತ್ತು, ಆಕಾಶಕ್ಕೂ ಏರುತ್ತಿತ್ತು. ಒಂದೊಂದಾಗಿ ಬದಲಿಸುತ್ತಾ ಹೋದರು. ಇನ್ಸುಲಿನ್ ಹಂಚಿ ತೆಗೆದುಕೊಂಡರು, ಊಟ ಬದಲಿಸಿದರು, ಪ್ರತಿ ಬದಲಾವಣೆಗೂ ಮೀಟರ್ ಏನು ಹೇಳುತ್ತದೆ ನೋಡಿದರು. ಎಂಜಿನಿಯರ್ ಮೋಟಾರು ರಿಪೇರಿ ಮಾಡುವ ಹಾಗೆ. ಆರೋಗ್ಯ ಸುಧಾರಿಸಿತು. ಅದನ್ನು ಲೇಖನ ಮಾಡಿ ವೈದ್ಯ ಪತ್ರಿಕೆಗಳಿಗೆ ಕಳಿಸಿದರೆ ತಿರಸ್ಕರಿಸಿದರು. ಡಾಕ್ಟರ್ ಅಲ್ಲದವನ ಮಾತು ಯಾರು ಕೇಳುತ್ತಾರೆ? ಅವರು ನಲವತ್ತೈದನೇ ವಯಸ್ಸಿನಲ್ಲಿ ಮೆಡಿಕಲ್ ಕಾಲೇಜು ಸೇರಿ ಡಾಕ್ಟರ್ ಆದರು. 2025ರಲ್ಲಿ, ತೊಂಬತ್ತನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಆಹಾರ ಪದ್ಧತಿ ಬಹಳ ಕಟ್ಟುನಿಟ್ಟು, ಎಲ್ಲರಿಗೂ ಅದನ್ನು ನಾನು ಹೇಳುವುದಿಲ್ಲ. ಆದರೆ ಇವತ್ತು ಅಂಗಡಿಯಲ್ಲಿ ಮೀಟರ್ ಕೊಳ್ಳುವ ಪ್ರತಿಯೊಬ್ಬರೂ ಅವರ ಹಠಕ್ಕೆ ಋಣಿ ಅಂತ ನನ್ನ ನಂಬಿಕೆ.

1993ರಲ್ಲಿ ಅಮೆರಿಕ, ಕೆನಡಾದ 1,441 ಟೈಪ್ 1 ರೋಗಿಗಳ ದೊಡ್ಡ ಅಧ್ಯಯನದ ಫಲ ಬಂತು. ದಿನಕ್ಕೆ ನಾಲ್ಕು ಸಲ ತಾವೇ ಸಕ್ಕರೆ ನೋಡಿಕೊಂಡು, ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಕಣ್ಣು ಹಾಳಾಗುವ ಅಪಾಯ 76 ಶೇಕಡಾ ಕಡಿಮೆ ಆಗಿತ್ತು. ರೋಗಿ ತಾನೇ ಅಳೆಯಬೇಕೋ ಬೇಡವೋ ಅನ್ನುವ ವಾದ ಅಲ್ಲಿಗೆ ಮುಗಿಯಬೇಕಿತ್ತು. ಆದರೂ 1999ರಲ್ಲಿ ಚರ್ಮದ ಕೆಳಗೆ ಕೂತು ಮೂರು ದಿನ ಸಕ್ಕರೆ ಅಳೆಯುವ ಮೊದಲ ಸೆನ್ಸರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಾಗ, ಅದರ ಅಂಕಿ ರೋಗಿಗೆ ಕಾಣುತ್ತಿರಲಿಲ್ಲ. ಆಮೇಲೆ ಡಾಕ್ಟರ್ ಕಂಪ್ಯೂಟರಿಗೆ ಇಳಿಸಿಕೊಂಡು ನೋಡಬೇಕಿತ್ತು. ಮೈ ಅವರದ್ದು, ಲೆಕ್ಕ ನಮ್ಮದು! ನನ್ನ ವೃತ್ತಿಯ ಈ ಗುಣ ನನಗೆ ನೋವು ಕೊಡುತ್ತದೆ. ಪ್ರಾಕ್ಟೀಸ್ ಶುರುವಾದ ಹೊಸದರಲ್ಲಿ ನಾನೂ ರೋಗಿಗಳ ಪುಸ್ತಕ ಪಕ್ಕಕ್ಕೆ ಸರಿಸಿ ‘ಲ್ಯಾಬ್ ರಿಪೋರ್ಟ್ ಎಲ್ಲಿ?’ ಅಂತ ಕೇಳಿದವನೇ.

ಇನ್ನು ವಾಚಿನ ಮಾತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕಾ ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಆ ಸಂಖ್ಯೆ ಬಂದದ್ದು ಜಪಾನಿನಿಂದ. ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರವೊಂದು ಮಾರುಕಟ್ಟೆಗೆ ಬಂತು. ಹೆಸರು ‘ಮಾನ್ಪೊ-ಕೇ’, ಹತ್ತು ಸಾವಿರ ಹೆಜ್ಜೆಯ ಮೀಟರ್. ಸಂಶೋಧನೆ ಮಾಡಿ ಹೊರಡಿಸಿದ ಪ್ರಮಾಣ ಅದಲ್ಲ, ಮಾರಾಟಕ್ಕೆ ಇಟ್ಟ ಹೆಸರು. 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ತಂಡ 16,000ಕ್ಕೂ ಜಾಸ್ತಿ ವಯಸ್ಸಾದ ಹೆಂಗಸರನ್ನು ಗಮನಿಸಿತು. ದಿನಕ್ಕೆ 4,400 ಹೆಜ್ಜೆ ನಡೆಯುವವರಲ್ಲೇ ಸಾವಿನ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆ ಇತ್ತು, ಸುಮಾರು 7,500ರ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರ ಒಳಗೆ ಆದಷ್ಟು ನಡೆದು ಮನೆ ಸೇರಿ. ಹತ್ತು ಸಾವಿರ ತುಂಬಿಸಲೆಂದು ಬಿಸಿಲಿಗೆ ಇಳಿಯಬೇಡಿ.

2007ರಲ್ಲಿ ಗ್ಯಾರಿ ವುಲ್ಫ್, ಕೆವಿನ್ ಕೆಲ್ಲಿ ಎಂಬ ಇಬ್ಬರು ಪತ್ರಕರ್ತರು ಕ್ಯಾಲಿಫೋರ್ನಿಯಾದಲ್ಲಿ ಹೀಗೆ ತಮ್ಮನ್ನು ತಾವೇ ಅಳೆದುಕೊಳ್ಳುವವರನ್ನು ಸೇರಿಸಿ ‘ಕ್ವಾಂಟಿಫೈಡ್ ಸೆಲ್ಫ್’ ಎಂದು ಹೆಸರಿಟ್ಟರು. 2009ರಲ್ಲಿ ಫಿಟ್‌ಬಿಟ್ ಕಂಪನಿಯ ಹೆಜ್ಜೆ ಎಣಿಸುವ ಮೊದಲ ಯಂತ್ರ, 2015ರಲ್ಲಿ ಆಪಲ್ ವಾಚ್. ಅಲ್ಲಿಂದ ಲೆಕ್ಕ ಬರೆಯುವ ಕೈ ನಿಂತಿತು, ಯಂತ್ರವೇ ಬರೆಯತೊಡಗಿತು. ಅನುಕೂಲ ನಿಜ. ಆದರೆ ಕೊನೆಯ ಕಾಲಂ ಖಾಲಿ ಉಳಿಯಿತು. ನಿನ್ನೆ ನಿದ್ದೆ ನಾಲ್ಕೇ ತಾಸು ಅಂತ ವಾಚು ತೋರಿಸುತ್ತದೆ. ಮಗಳಿಗೆ ಜ್ವರ ಇತ್ತೋ, ಸಾಲದ ಚಿಂತೆಯೋ, ಅದಕ್ಕೆ ಗೊತ್ತಿಲ್ಲ. ಇನ್ನೊಂದು ಮಾತು. ಪುಸ್ತಕ ಮನೆಯ ಟ್ರಂಕಿನಲ್ಲಿ ಇರುತ್ತಿತ್ತು, ಈಗಿನ ಲೆಕ್ಕ ಕಂಪನಿಯ ಸರ್ವರಿನಲ್ಲಿ ಇರುತ್ತದೆ. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಬಂದಿದೆ. ಹಾಗಂತ ಆ್ಯಪ್ ಕೇಳಿದ ಕೂಡಲೇ ಸುಮ್ನೆ ಎಲ್ಲದಕ್ಕೂ ‘ಅಲೋ’ ಒತ್ತಬೇಡಿ.

ವಾಚ್ ಇದ್ದವರು ಬಿಚ್ಚಿಡಿ ಅಂತ ನಾನು ಹೇಳುತ್ತಿಲ್ಲ. ಎರಡು ವಾರ ಮಾತ್ರ ಅದರ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಂಕಿ ಬರೆದು, ಆ ದಿನ ಏನಾಯಿತು ಅಂತ ನಾಲ್ಕು ಮಾತು ಬರೆಯಿರಿ. ‘ಮದುವೆ ಊಟ’, ‘ಗುಳಿಗೆ ಮರೆತೆ’, ‘ಎಳ್ಳಮವಾಸ್ಯೆ, ಶೇಂಗಾ ಹೋಳಿಗೆ ಮೂರು’. ಮುಚ್ಚಿಡಬೇಡಿ, ನಾನು ಬೈಯುವುದಿಲ್ಲ. ಡೋಸ್ ಮಾತ್ರ ನೀವೇ ಬದಲಿಸಬೇಡಿ. ಪುಸ್ತಕ ತನ್ನಿ, ಕೂತು ನೋಡೋಣ.

ಮಾನ್ವಿಯ ಯಜಮಾನರು ಮೂರು ತಿಂಗಳ ಮೇಲೆ ಮತ್ತೆ ಬಂದರು. ಬೆಳಗಿನ ಅಂಕಿ ಎಲ್ಲೂ 90ಕ್ಕಿಂತ ಕೆಳಗೆ ಇಳಿದಿರಲಿಲ್ಲ. ಪುಟ ತಿರುವಿದೆ. ಸೊಸೆ ಸ್ಕೇಲ್ ಇಟ್ಟು ಹೊಸದೊಂದು ಗೆರೆ ಎಳೆದು, ಮೇಲೆ ‘ಕರೆಂಟ್’ ಅಂತ ಬರೆದಿದ್ದಳು. ರಾತ್ರಿ ಪಾಳಿ ಇದ್ದ ದಿನಗಳ ಮುಂದೆ ಕೆಂಪು ಪೆನ್ನಿನಲ್ಲಿ ರೈಟ್ ಗುರುತು, ಅದರ ಕೆಳಗೆ ಸಣ್ಣಕ್ಷರದಲ್ಲಿ: ‘ರೊಟ್ಟಿ ಒಯ್ದರು.’