ಫ್ರಾನ್‌ಗೋಕ್ ಸ್ಟೇಷನ್ ಮುಳುಗಲಿಲ್ಲ, ಆದ್ರೂ ಮುಚ್ಚಿತು

ಬ್ರಿಟನ್ನಲ್ಲಿ ಯಾವ ಹಳ್ಳಿ ಸ್ಟೇಷನ್ ಮುಚ್ಚಿದೆ ಅಂದ್ರೂ ಜನ ತಕ್ಷಣ ಬೀಚಿಂಗ್ ಹೆಸರು ಹೇಳ್ತಾರೆ, ನಷ್ಟದ ಲೈನ್‌ಗಳನ್ನ ಮುಚ್ಚಿ ಅಂತ ರಿಪೋರ್ಟ್ ಕೊಟ್ಟ ರೈಲ್ವೆ ಮುಖ್ಯಸ್ಥ ಆತ. ರೈಲ್ವೆ ಲೈನ್ ಡಿಸೈನ್ ಮಾಡೋ ನಾನು ಮೊದಲು ತಾರೀಖು ನೋಡ್ತೀನಿ. ಬೀಚಿಂಗ್ ರಿಪೋರ್ಟ್ ಬಂದಿದ್ದು 1963ರಲ್ಲಿ, ಉತ್ತರ ವೇಲ್ಸ್‌ನ ಬಾಲಾ ಹತ್ರದ ಫ್ರಾನ್‌ಗೋಕ್‌ಗೆ ಪ್ಯಾಸೆಂಜರ್ ಗಾಡಿ ಬರೋದು ನಿಂತಿದ್ದು 1960ರ ಜನವರಿಯಲ್ಲೇ. ಹಾಗಾದ್ರೆ ಕಾರಣ ಬೇರೆ ಏನೋ ಇದೆ, ಮ್ಯಾಪ್ ಬಿಚ್ಚಬೇಕು.

ಬಾಲಾದಿಂದ ಫೆಸ್ಟಿನಿಯೋಗ್ ಕಡೆಗೆ ಹೋಗೋ ಈ ಲೈನ್ ಶುರುವಾಗಿದ್ದು 1882ರಲ್ಲಿ, ಗುಡ್ಡದ ಸೀಮೆ ಆದ್ದರಿಂದ ಟ್ರವೆರಿನ್ ಹೊಳೆ ಪಕ್ಕದಲ್ಲೇ ಕಣಿವೆ ಹಿಡ್ಕೊಂಡು ಹೋಗಿದ್ರು. ಫ್ರಾನ್‌ಗೋಕ್‌ನಲ್ಲಿ ಸ್ಟೇಷನ್ ಹತ್ರಾನೇ ಒಂದು ವಿಸ್ಕಿ ಕಾರ್ಖಾನೆ ಇತ್ತು, ಅದು ನಷ್ಟಕ್ಕೆ ಬಿದ್ದು ಮುಚ್ಚಿದ ಮೇಲೆ ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಕೈದಿಗಳ ಕ್ಯಾಂಪ್ ಆಯ್ತು, ಆಮೇಲೆ 1916ರಲ್ಲಿ ಬ್ರಿಟಿಷ್ ಆಳ್ವಿಕೆ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ ಈಸ್ಟರ್ ದಂಗೆಯಲ್ಲಿ ಹಿಡಿದ ಸುಮಾರು 1,800 ಐರಿಷ್ ಜನರನ್ನ ರೈಲಲ್ಲಿ ತಂದು ಇಲ್ಲೇ ಇಳಿಸಿದ್ರು. ಮುಂದೆ ಐರ್ಲೆಂಡ್ ಸ್ವಾತಂತ್ರ್ಯ ಹೋರಾಟದ ನಾಯಕನಾದ ಮೈಕಲ್ ಕಾಲಿನ್ಸ್ ಕೂಡ ಅವರಲ್ಲಿ ಒಬ್ಬ. ಅಷ್ಟು ಚಿಕ್ಕ ಸ್ಟೇಷನ್ನಿಗೆ ಅಷ್ಟು ದೊಡ್ಡ ಚರಿತ್ರೆ! ಇವತ್ತು ರಸ್ತೆ ಪಕ್ಕ ಐರಿಷ್, ವೆಲ್ಷ್, ಇಂಗ್ಲಿಷ್ ಮೂರೂ ಭಾಷೆಯಲ್ಲಿ ಒಂದು ನೆನಪಿನ ಫಲಕ ಇದೆ.

ಲೈನ್‌ಗೆ ಕುತ್ತು ಬಂದಿದ್ದು ಲಿವರ್‌ಪೂಲ್ ಕಡೆಯಿಂದ. ಆ ನಗರಕ್ಕೆ ನೀರು ಬೇಕಿತ್ತು, ಟ್ರವೆರಿನ್ ಹೊಳೆಗೆ ಡ್ಯಾಮ್ ಕಟ್ಟೋಕೆ 1957ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡ್ತು, ವೇಲ್ಸ್‌ನ ಒಬ್ಬ ಎಂಪಿನೂ ಅದರ ಪರ ಓಟು ಹಾಕಲಿಲ್ಲ. ಕಾಪೆಲ್ ಕೆಲಿನ್ ಹಳ್ಳಿ, ಅದರ ಸ್ಕೂಲು, ಪ್ರಾರ್ಥನಾ ಮಂದಿರ, ಜೊತೆಗೆ ಅಲ್ಲಿನ ಪುಟ್ಟ ರೈಲ್ವೆ ಹಾಲ್ಟೂ ನೀರಿನ ಪಾಲಾಯ್ತು.

ರಸ್ತೇನ ಸುತ್ತು ಹಾಕಿಸಬಹುದು, ಹಳಿ ವಿಷಯದಲ್ಲಿ ಅದು ಅಷ್ಟು ಸುಲಭ ಅಲ್ಲ. 60 ಮೀಟರ್ ಹೋದ್ರೆ ಒಂದು ಮೀಟರ್ ಏರೋ ಹಳಿ ಅಂತ ಇಟ್ಕೊಳ್ಳಿ, ರೈಲಿಗೆ ಅದೇ ಕಡಿದಾದ ಏರು. ಡ್ಯಾಮಿನ ನೀರಿಗಿಂತ ಎತ್ತರಕ್ಕೆ ಅಂತ 40 ಮೀಟರ್ ಮೇಲಕ್ಕೆ ಹೋಗೋಕೆ 2.4 ಕಿಲೋಮೀಟರ್ ಹಳಿ ಬೇಕು, ಅದೂ ಗುಡ್ಡ ಕಡಿದು, ತಿರುವು ಸಡಿಲ ಇಟ್ಟು. ಓಡಾಡೋ ಜನ ಮೊದಲೇ ಕಮ್ಮಿ, ಅಷ್ಟು ದುಡ್ಡು ಹಾಕೋಕೆ ಯಾರೂ ಮುಂದೆ ಬರಲಿಲ್ಲ. 1961ರ ಜನವರಿಯಲ್ಲಿ ಗೂಡ್ಸೂ ನಿಂತೋಯ್ತು.

ನನಗೆ ಸಂಕಟ ಆಗೋದು ಇಲ್ಲೇ, ಫ್ರಾನ್‌ಗೋಕ್ ಇರೋದು ಡ್ಯಾಮಿನ ಕೆಳಗಡೆ, ಅಲ್ಲಿಗೆ ಒಂದು ಹನಿ ನೀರೂ ನುಗ್ಗಲಿಲ್ಲ. ಮುಂದಿನ ದಾರಿ ಕಡಿದ ಮೇಲೆ ಸ್ಟೇಷನ್ನಿಗೆ ಕೆಲಸ ಉಳೀಲಿಲ್ಲ ಅಷ್ಟೇ. ಆ ಕಟ್ಟಡದಲ್ಲಿ ಈಗ ಯಾರೋ ಸಂಸಾರ ಮಾಡ್ತಿದ್ದಾರೆ, ಡ್ಯಾಮಿಂದ ಬಿಡೋ ನೀರು ಅದೇ ಊರಿನ ಪಕ್ಕ ಹೊಳೆಯಲ್ಲಿ ಹರಿದು ಹೋಗುತ್ತೆ, ಆ ನೀರಲ್ಲಿ ರಾಫ್ಟಿಂಗ್ ಮಾಡೋಕೆ ಜನ ಕಾರಲ್ಲಿ ಬರ್ತಾರೆ.